ನಗಿಸುವ ವಿಡಿಯೊಗಳಿಂದ ದಿನಬಳಕೆಯ ಇಂಗ್ಲಿಷ್ ಕಲಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ಇಂಗ್ಲಿಷ್ ಓದಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರೂ ಎದುರಿಗೆ ಯಾರಾದರೂ ಪಟಪಟನೆ ಇಂಗ್ಲಿಷ್ ಮಾತಾಡಿದರೆ ತಬ್ಬಿಬ್ಬಾಗುತ್ತಾರೆ. ಪದಗಳು ಗೊತ್ತಿಲ್ಲ ಅಂತಲ್ಲ. ಪುಸ್ತಕದಲ್ಲಿ ಕಂಡ ರೂಪದಲ್ಲಿ ಅವು ಕಿವಿಗೆ ಬೀಳುವುದಿಲ್ಲ, ಬೇಕಾದ ಹೊತ್ತಿಗೆ ಬಾಯಿಗೂ ಬರುವುದಿಲ್ಲ. ಈ ಕೊರತೆ ತುಂಬಿಕೊಳ್ಳಲು ಹಾಸ್ಯದ ಚಿಕ್ಕ ವಿಡಿಯೊಗಳಷ್ಟು ಅನುಕೂಲವಾದ ಸಾಮಗ್ರಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಸ್ಯ ಹುಟ್ಟುವುದೇ ಎಡವಟ್ಟಿನಿಂದ. ಒಬ್ಬ ತಪ್ಪು ತಿಳಿಯುತ್ತಾನೆ, ಇನ್ನೊಬ್ಬ ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ, ಮತ್ತೊಬ್ಬಳು ಸಾಮಾನು ಕೆಡವಿ ನೆಪ ಹುಡುಕುತ್ತಾಳೆ. ಹಾಗಾಗಿ ಕ್ಷಮೆ ಕೇಳುವ, ನೆಪ ಹೇಳುವ, ರೇಗುವ, ಸಮಾಧಾನ ಮಾಡುವ, ನಂಬಲಾಗದೆ ಬೆರಗಾಗುವ ಮಾತುಗಳು ಇಲ್ಲಿ ಮತ್ತೆ ಮತ್ತೆ ಬರುತ್ತವೆ. ದಿನನಿತ್ಯ ನಮಗೆ ಬೇಕಾಗುವುದೂ ಅವೇ. ಜೊತೆಗೆ ಮುಖಭಾವ, ದನಿ, ಸನ್ನಿವೇಶ ಎಲ್ಲವೂ ಕಣ್ಣೆದುರು ಇರುವುದರಿಂದ ನಿಘಂಟು ತೆರೆಯುವ ಮೊದಲೇ ಅರ್ಧ ಅರ್ಥ ಆಗಿರುತ್ತದೆ.

ಆದರೆ ನೋಡಿ ನಕ್ಕು ಮುಂದಿನ ವಿಡಿಯೊಗೆ ಹೋದರೆ ಏನೂ ಉಳಿಯುವುದಿಲ್ಲ. ಗಂಟೆಗಟ್ಟಲೆ ನೋಡುವ ಬದಲು ಒಂದು ನಿಮಿಷದ ತುಣುಕನ್ನು ಹಿಡಿದು, ಅದನ್ನು ಹತ್ತಾರು ಸಲ ಕೇಳಿ, ಅದರಲ್ಲಿನ ಮೂರ್ನಾಲ್ಕು ಮಾತುಗಳನ್ನು ಸನ್ನಿವೇಶದ ಸಮೇತ ನಿಮ್ಮದಾಗಿಸಿಕೊಳ್ಳಬೇಕು. ಈ ಮಾರ್ಗದರ್ಶಿಯ ತಿರುಳು ಅಷ್ಟೇ. ಓದುವ ಅನುಕೂಲಕ್ಕೆ ಇಲ್ಲಿ ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳಿ.

ಹಂತ 1: ಸರಿಯಾದ ವಿಡಿಯೊ ಆರಿಸಿ

ಹೆಚ್ಚಿನವರು ಸೋಲುವುದು ಇಲ್ಲೇ. ನಗು ತರಿಸುವ ವಿಡಿಯೊಗಳೆಲ್ಲ ಭಾಷೆ ಕಲಿಸುವುದಿಲ್ಲ. ಪ್ರ್ಯಾಂಕ್ ವಿಡಿಯೊಗಳಲ್ಲಿ ಕಿರುಚಾಟವೇ ಹೆಚ್ಚು, ಮಾತು ಕಡಿಮೆ. ಸ್ಟ್ಯಾಂಡ್‌ಅಪ್ ಕಾಮಿಡಿಯಲ್ಲಿ ಒಬ್ಬರೇ ಬಿಡುವಿಲ್ಲದೆ ಮಾತಾಡುತ್ತಾರೆ, ಆ ಊರಿನ ರಾಜಕೀಯ, ಜಾಹೀರಾತು, ಹಳೆಯ ಸುದ್ದಿ ಗೊತ್ತಿದ್ದರೆ ಮಾತ್ರ ನಗು ಬರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಶುರುವಿಗೆ ಒಳ್ಳೆಯದು ಇಬ್ಬರು ಮೂವರು ಮಾತಾಡಿಕೊಳ್ಳುವ ಸ್ಕಿಟ್‌ಗಳು, ಸಿಟ್‌ಕಾಮ್ (ಅವೇ ಪಾತ್ರಗಳು ಮತ್ತೆ ಮತ್ತೆ ಬರುವ ಹಾಸ್ಯ ಧಾರಾವಾಹಿ) ತುಣುಕುಗಳು, ಮಕ್ಕಳ ಕಾರ್ಟೂನ್‌ಗಳು. ಮನೆ, ಆಫೀಸು, ಅಂಗಡಿ, ಆಸ್ಪತ್ರೆ, ಬಸ್ಸು ಇಂಥ ಜಾಗದಲ್ಲಿ ನಡೆಯುವಂಥದ್ದಾದರೆ ಇನ್ನೂ ಒಳ್ಳೆಯದು. ಉದ್ದ ಒಂದರಿಂದ ಮೂರು ನಿಮಿಷ ಇದ್ದರೆ ಸಾಕು. ಮಕ್ಕಳ ಕಾರ್ಟೂನ್ ಎಂದರೆ ಕೆಲವರಿಗೆ ಸಂಕೋಚ. ಆ ಸಂಕೋಚ ಬೇಡ. ಅವುಗಳಲ್ಲಿ ವಾಕ್ಯಗಳು ಚಿಕ್ಕವು, ಉಚ್ಚಾರ ಸ್ಪಷ್ಟ, ಕೆಟ್ಟ ಮಾತು ಇರುವುದಿಲ್ಲ.

ವಿಡಿಯೊ ನಿಮ್ಮ ಮಟ್ಟಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಕ್ಯಾಪ್ಶನ್ (ಆಡಿದ ಮಾತು ಪರದೆಯ ಮೇಲೆ ಅಕ್ಷರದಲ್ಲಿ ಕಾಣುವುದು) ಇಲ್ಲದೆ ಒಮ್ಮೆ ನೋಡಿ. ಯಾರಿಗೆ ಯಾರ ಮೇಲೆ ಸಿಟ್ಟು, ಏನು ಎಡವಟ್ಟಾಯಿತು ಎಂಬಷ್ಟು ತಿಳಿದರೆ ಸರಿ. ಆಮೇಲೆ ಇಂಗ್ಲಿಷ್ ಕ್ಯಾಪ್ಶನ್ ಹಾಕಿ ನೋಡಿ. ಪ್ರತಿ ಸಾಲಿನಲ್ಲೂ ಗೊತ್ತಿಲ್ಲದ ಪದಗಳು ಕಂಡರೆ ಆ ವಿಡಿಯೊ ಬಿಟ್ಟುಬಿಡಿ. ನಾಲ್ಕೈದು ಸಾಲಿಗೊಂದು ಹೊಸ ಪದ ಸಿಕ್ಕರೆ ಅದೇ ನಿಮಗೆ ತಕ್ಕದ್ದು.

ಹಂತ 2: ಮೂರು ಸುತ್ತು ನೋಡಿ

ಮೊದಲ ಸುತ್ತಿನಲ್ಲಿ ಕ್ಯಾಪ್ಶನ್ ಬೇಡ, ಪೆನ್ನೂ ಬೇಡ. ಆರಾಮವಾಗಿ ನೋಡಿ, ನಗು ಬಂದರೆ ನಗಿ. ಪ್ರೇಕ್ಷಕರ ನಗುವಿನ ದನಿ ಸೇರಿಸಿದ ವಿಡಿಯೊ ಆದರೆ ಅದೇ ನಿಮಗೆ ಸುಳಿವು. ಎಲ್ಲರೂ ನಕ್ಕಾಗ ನಿಮಗೆ ನಗು ಬರದಿದ್ದರೆ, ನಗುವಿಗೆ ತುಸು ಮುಂಚಿನ ಮಾತು ನಿಮ್ಮ ಕೈತಪ್ಪಿದೆ ಎಂದರ್ಥ. ಆ ನಿಮಿಷ, ಸೆಕೆಂಡು ನೆನಪಿಟ್ಟುಕೊಳ್ಳಿ.

ಎರಡನೇ ಸುತ್ತಿನಲ್ಲಿ ಇಂಗ್ಲಿಷ್ ಕ್ಯಾಪ್ಶನ್ ಹಾಕಿ. ಕನ್ನಡ ಸಬ್‌ಟೈಟಲ್ ಇದ್ದರೂ ಈ ಹಂತದಲ್ಲಿ ಅದನ್ನು ಮುಟ್ಟಬೇಡಿ. ಕನ್ನಡ ಅಕ್ಷರ ಕಂಡ ಕೂಡಲೇ ಕಣ್ಣು ಅದನ್ನೇ ಓದುತ್ತದೆ, ಕಿವಿ ಕೆಲಸ ನಿಲ್ಲಿಸಿಬಿಡುತ್ತದೆ. ಕ್ಯಾಪ್ಶನ್ ಕಂಪ್ಯೂಟರ್ ತಾನಾಗಿ ಬರೆದದ್ದಾದರೆ ಅದರಲ್ಲಿ ತಪ್ಪುಗಳಿರುತ್ತವೆ. ಇಬ್ಬರು ಒಟ್ಟಿಗೆ ಮಾತಾಡಿದಾಗ, ಹಿನ್ನೆಲೆಯಲ್ಲಿ ಸಂಗೀತ ಇದ್ದಾಗ ಇನ್ನೂ ಹೆಚ್ಚು. ಯೂಟ್ಯೂಬ್‌ನಲ್ಲಿ ಅಂಥವಕ್ಕೆ ‘ಆಟೋ ಜನರೇಟೆಡ್’ ಎಂಬ ಗುರುತು ಇರುತ್ತದೆ. ಆದಷ್ಟು ಮನುಷ್ಯರೇ ಬರೆದ ಕ್ಯಾಪ್ಶನ್ ಇರುವ ವಿಡಿಯೊ ಹುಡುಕಿ.

ಮೂರನೇ ಸುತ್ತು ನಿಲ್ಲಿಸಿ ನಿಲ್ಲಿಸಿ ನೋಡುವುದು. ಮೊಬೈಲಿನಲ್ಲಿ ಯೂಟ್ಯೂಬ್ ಪರದೆಯ ಎಡಬದಿಗೆ ಎರಡು ಸಲ ತಟ್ಟಿದರೆ ವಿಡಿಯೊ 10 ಸೆಕೆಂಡು ಹಿಂದೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಎಡ ಬಾಣದ ಕೀ ಒತ್ತಿದರೆ 5 ಸೆಕೆಂಡು, ಜೆ ಕೀ ಒತ್ತಿದರೆ 10 ಸೆಕೆಂಡು. ಸಿ ಕೀ ಒತ್ತಿದರೆ ಕ್ಯಾಪ್ಶನ್ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇಬ್ಯಾಕ್ ಸ್ಪೀಡ್’ 0.75ಕ್ಕೆ ಇಳಿಸಿದರೆ ಮಾತು ನಿಧಾನವಾದರೂ ಸಹಜವಾಗಿಯೇ ಕೇಳುತ್ತದೆ. 0.5ಕ್ಕೆ ಇಳಿಸಿದರೆ ದನಿ ಎಳೆದಂತಾಗಿ ಲಯವೇ ಕೆಡುತ್ತದೆ, ಅಷ್ಟು ಬೇಡ. ಹಲವು ವಿಡಿಯೊಗಳ ವಿವರಣೆಯ ಕೆಳಗೆ ‘ಶೋ ಟ್ರಾನ್ಸ್‌ಕ್ರಿಪ್ಟ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಇಡೀ ಸಂಭಾಷಣೆ ಸಮಯದ ಸಮೇತ ಸಾಲುಸಾಲಾಗಿ ಕಾಣುತ್ತದೆ.

ಹಂತ 3: ಪದ ಬಿಡಿ, ಇಡೀ ಮಾತು ಹಿಡಿಯಿರಿ

ಇದನ್ನು ಒಂದು ಉದಾಹರಣೆಯಿಂದಲೇ ನೋಡೋಣ. ಇದು ನಾನೇ ಕಟ್ಟಿದ ಪುಟ್ಟ ದೃಶ್ಯ. ಒಂದೇ ಮನೆಯಲ್ಲಿರುವ ಇಬ್ಬರು ಗೆಳೆಯರು. ಮೊದಲನೆಯವನು ಫ್ರಿಜ್ ತೆರೆಯುತ್ತಾನೆ, ತಾನು ಇಟ್ಟಿದ್ದ ಕೇಕ್ ಇಲ್ಲ.

— ಹೂ ಏಟ್ ಮೈ ಕೇಕ್?
— ಡೋಂಟ್ ಲುಕ್ ಅಟ್ ಮಿ.
— ಯೂವ್ ಗಾಟ್ ಕ್ರೀಮ್ ಆನ್ ಯುವರ್ ನೋಸ್.
— ಓ... ದ್ಯಾಟ್ಸ್ ಟೂತ್‌ಪೇಸ್ಟ್.
— ನೈಸ್ ಟ್ರೈ.

ಇಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ನಮ್ಮಲ್ಲಿ ಎಷ್ಟು ಜನಕ್ಕೆ ಈ ಮಾತುಗಳು ತಾವಾಗಿ ಬಾಯಿಗೆ ಬರುತ್ತವೆ? ‘ಡೋಂಟ್ ಲುಕ್ ಅಟ್ ಮಿ’ ಎಂದರೆ ಇಲ್ಲಿ ‘ನನ್ನ ಕಡೆ ನೋಡಬೇಡ’ ಎಂಬ ಆಜ್ಞೆಯಲ್ಲ. ‘ನಾನಲ್ಲಪ್ಪಾ’ ಎಂದು ಕೈಯೆತ್ತುವುದು. ‘ನೈಸ್ ಟ್ರೈ’ ಹೊಗಳಿಕೆಯಲ್ಲ, ‘ಈ ಆಟ ನನ್ನ ಹತ್ತಿರ ನಡೆಯಲ್ಲ’ ಎಂಬಂಥ ಮಾತು. ಇನ್ನು ‘ಯೂವ್ ಗಾಟ್ ಕ್ರೀಮ್ ಆನ್ ಯುವರ್ ನೋಸ್’ ಒಂದು ಅಚ್ಚು. ಕ್ರೀಮ್ ತೆಗೆದು ‘ಇಂಕ್’ ಹಾಕಿ, ನೋಸ್ ತೆಗೆದು ‘ಶರ್ಟ್’ ಹಾಕಿ: ‘ಯೂವ್ ಗಾಟ್ ಇಂಕ್ ಆನ್ ಯುವರ್ ಶರ್ಟ್.’ ಯಾರ ಅಂಗಿಗಾದರೂ ಕಲೆ ಆಗಿದ್ದರೆ ಹೇಳಲು ಮಾತು ಸಿದ್ಧವಾಯಿತು.

ಕಲಿಯುವಾಗ ಕಣ್ಣು ಈ ಎರಡು ಬಗೆಯ ಮೇಲಿರಲಿ. ಇದ್ದ ಹಾಗೇ ಬಳಸುವ ಮಾತು ಒಂದು ಬಗೆ, ಪದ ಬದಲಿಸಿ ನೂರು ಕಡೆ ಬಳಸಬಹುದಾದ ಅಚ್ಚು ಇನ್ನೊಂದು ಬಗೆ. ಒಂದು ವಿಡಿಯೊದಿಂದ ಮೂರರಿಂದ ಐದು ಮಾತು ಆರಿಸಿದರೆ ಸಾಕು. ‘ಈ ವಾರದಲ್ಲಿ ಇದನ್ನು ನಾನು ಯಾರಿಗಾದರೂ ಹೇಳುವ ಸಂದರ್ಭ ಬರುತ್ತದೆಯೇ’ ಎಂದು ಕೇಳಿಕೊಂಡು ಆರಿಸಿ. ಬರದಿದ್ದರೆ, ಎಷ್ಟೇ ಚೆಂದದ ಮಾತಾಗಿರಲಿ, ಬಿಟ್ಟುಬಿಡಿ.

ಹಾಸ್ಯದಲ್ಲಿ ಪದೇ ಪದೇ ಕೇಳಿಬರುವ ಕೆಲವನ್ನು ಇಲ್ಲಿ ಕೊಡುತ್ತೇನೆ. ‘ಹ್ಯಾಂಗ್ ಆನ್’ ಎಂದರೆ ಒಂದು ನಿಮಿಷ ತಡಿ. ‘ನೆವರ್ ಮೈಂಡ್’ ಎಂದರೆ ಬಿಡು, ಪರವಾಗಿಲ್ಲ. ‘ಮೈ ಬ್ಯಾಡ್’ ಎಂದರೆ ನನ್ನದೇ ತಪ್ಪು, ಇದು ಗೆಳೆಯರ ನಡುವೆ ಮಾತ್ರ. ‘ಆರ್ ಯು ಕಿಡಿಂಗ್ ಮಿ?’ ಎಂದರೆ ತಮಾಷೆ ಮಾಡ್ತಿದ್ದೀಯಾ? ‘ಇಟ್ಸ್ ನಾಟ್ ವಾಟ್ ಇಟ್ ಲುಕ್ಸ್ ಲೈಕ್’ ಎಂದರೆ ನೀನು ಅಂದುಕೊಂಡ ಹಾಗಲ್ಲ. ‘ಹಿಯರ್ ವಿ ಗೋ ಅಗೇನ್’ ಎಂದರೆ ಮತ್ತೆ ಶುರುವಾಯಿತು ನೋಡು. ‘ಐ ಡಿಡಂಟ್ ಮೀನ್ ಟು’ ಎಂದರೆ ಬೇಕಂತ ಮಾಡಿದ್ದಲ್ಲ. ‘ಹೌ ಕಮ್?’ ಎಂದರೆ ಅದು ಹೇಗೆ, ಯಾಕೆ? ‘ಮೆಸ್ ಅಪ್’ (ಕೆಡಿಸು), ‘ಫಿಗರ್ ಔಟ್’ (ಯೋಚಿಸಿ ತಿಳಿ), ‘ಶೋ ಅಪ್’ (ಬಂದು ಸೇರು), ‘ರನ್ ಔಟ್ ಆಫ್’ (ಮುಗಿದುಹೋಗು), ‘ಕಾಮ್ ಡೌನ್’ (ಸಮಾಧಾನವಾಗು) ಇಂಥ ಜೋಡಿಪದಗಳಂತೂ ಪ್ರತಿ ದೃಶ್ಯದಲ್ಲೂ ಸಿಗುತ್ತವೆ. ಇವುಗಳ ಅರ್ಥ ಬಿಡಿಪದಗಳಿಂದ ಹೊರಡುವುದಿಲ್ಲ, ಸನ್ನಿವೇಶದಿಂದಲೇ ತಿಳಿಯಬೇಕು. ಯಾರೋ ಕೆಲಸ ಕೆಡಿಸಿ ತಲೆಯ ಮೇಲೆ ಕೈಯಿಟ್ಟು ‘ಐ ಮೆಸ್ಡ್ ಅಪ್’ ಎಂದದ್ದನ್ನು ಕಂಡವರು ಅದರ ಅರ್ಥ ಮರೆಯಲಾರರು.

ಹಂತ 4: ಕಿವಿ ಪಳಗಿಸಿ

ಕ್ಯಾಪ್ಶನ್ ಓದಿದಾಗ ‘ಅಯ್ಯೋ, ಇಷ್ಟೇನಾ’ ಅನಿಸುವ ಸಾಲು ಬರೀ ಕೇಳುವಾಗ ತಿಳಿಯಲಿಲ್ಲ ಯಾಕೆ? ಆಡುಮಾತಿನ ಇಂಗ್ಲಿಷ್‌ನಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ‘ಗೋಯಿಂಗ್ ಟು’ ಹೋಗಿ ‘ಗೊನ’ ಆಗುತ್ತದೆ, ‘ವಾಂಟ್ ಟು’ ಹೋಗಿ ‘ವಾನ’, ‘ಗಾಟ್ ಟು’ ಹೋಗಿ ‘ಗಾಡ’, ‘ಲೆಟ್ ಮಿ’ ಹೋಗಿ ‘ಲೆಮಿ’, ‘ಡೋಂಟ್ ನೋ’ ಹೋಗಿ ‘ಡನೋ’. ‘ಕುಡ್ ಯು’ ಎಂಬುದು ‘ಕುಜು’ ಎಂದು ಕೇಳುತ್ತದೆ. ಅಮೆರಿಕನ್ನರ ಬಾಯಲ್ಲಿ ಎರಡು ಸ್ವರಗಳ ನಡುವಿನ ಟಕಾರ ಡಕಾರದ ಹಾಗೆ ಮೆತ್ತಗಾಗುತ್ತದೆ: ‘ಗೆಟ್ ಇಟ್’ ಎಂಬುದು ‘ಗೆಡಿಟ್’, ‘ನಾಟ್ ಅಟ್ ಆಲ್’ ಎಂಬುದು ‘ನಾಡಡಾಲ್’.

ಇನ್ನೊಂದು ದೊಡ್ಡ ವ್ಯತ್ಯಾಸ ಲಯದ್ದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲು ಸಿಗುತ್ತದೆ. ಇಂಗ್ಲಿಷ್‌ನಲ್ಲಿ ಮುಖ್ಯ ಪದಗಳ ಮೇಲೆ ಒತ್ತು ಬಿದ್ದು, ‘ಟು’, ‘ಆಫ್’, ‘ಫಾರ್’, ‘ಕ್ಯಾನ್’ ಇಂಥ ಪುಟ್ಟ ಪದಗಳು ಸ್ವರ ಕಳೆದುಕೊಂಡು ನುಂಗಿಹೋಗುತ್ತವೆ. ‘ಐ ಕ್ಯಾನ್ ಗೋ’ ಎಂಬುದು ‘ಐ ಕನ್ ಗೋ’ ಎಂದು ಕೇಳುತ್ತದೆ, ಒತ್ತು ‘ಗೋ’ ಮೇಲೆ. ‘ಐ ಕ್ಯಾಂಟ್ ಗೋ’ ಎನ್ನುವಾಗ ‘ಕ್ಯಾಂಟ್’ ಮೇಲೂ ಒತ್ತು ಬಿದ್ದು ಸ್ವರ ಪೂರ್ತಿ ಬರುತ್ತದೆ, ಆದರೆ ಕೊನೆಯ ಟಕಾರ ಹೆಚ್ಚು ಕೇಳುವುದಿಲ್ಲ. ಹೋಗಲು ಆಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಟಕಾರಕ್ಕೆ ಕಾಯಬೇಡಿ, ಸ್ವರ ಕೇಳಿ. ಬ್ರಿಟಿಷರು ಇದನ್ನು ‘ಕಾಂಟ್’ ಎನ್ನುವುದರಿಂದ ಅಲ್ಲಿ ಗೊಂದಲ ಕಡಿಮೆ.

ವಾಕ್ಯದ ಎಲ್ಲಿ ಗಮನ ಇಡಬೇಕು ಎಂಬುದೂ ಬೇರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಮ್ಮ ಕಿವಿ ವಾಕ್ಯದ ಕೊನೆಗಾಗಿ ಕಾಯುತ್ತದೆ. ಇಂಗ್ಲಿಷ್‌ನಲ್ಲಿ ಯಾರು, ಏನು ಮಾಡಿದರು, ಮಾಡಿದರೋ ಇಲ್ಲವೋ ಎಂಬುದೆಲ್ಲ ಮೊದಲ ಮೂರ್ನಾಲ್ಕು ಪದಗಳಲ್ಲೇ ಮುಗಿದಿರುತ್ತದೆ. ಆದ್ದರಿಂದ ಸಾಲಿನ ಆರಂಭ ಬಿಟ್ಟುಹೋಗದಂತೆ ಕೇಳಿ. ಹಾಸ್ಯದ ಹೊಡೆತ ಮಾತ್ರ ಬಹುಪಾಲು ಕೊನೆಯ ಪದದಲ್ಲಿರುತ್ತದೆ.

ಅಭ್ಯಾಸ ಹೀಗೆ: ಐದಾರು ಸೆಕೆಂಡಿನ ಒಂದು ಸಾಲು ಹಿಡಿದು, ಕ್ಯಾಪ್ಶನ್ ಮುಚ್ಚಿ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ. ಆಮೇಲೆ ಕ್ಯಾಪ್ಶನ್ ತೆರೆದು ಹೋಲಿಸಿ. ತಪ್ಪಿದ ಪದದ ಕೆಳಗೆ ಗೆರೆ ಎಳೆದು ಆ ಸಾಲನ್ನೇ ಮತ್ತೆ ಕೇಳಿ, ಆ ಪದ ಕಿವಿಗೆ ಸ್ಪಷ್ಟವಾಗುವವರೆಗೂ.

ಹಂತ 5: ದನಿ ಸೇರಿಸಿ ಹೇಳಿ

ಪಾತ್ರ ಹೇಳಿದ ಬೆನ್ನಿಗೇ, ಅದೇ ವೇಗ, ಅದೇ ಏರಿಳಿತದಲ್ಲಿ ನೀವೂ ಹೇಳಿ. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ. ಹಾಸ್ಯದಲ್ಲಿ ಭಾವ ಎದ್ದು ಕಾಣುವುದರಿಂದ ಅನುಕರಿಸುವುದು ಸುಲಭ. ಸಿಟ್ಟಿನ ಮಾತನ್ನು ಸಿಟ್ಟಿನಿಂದಲೇ ಹೇಳಿ, ಗಾಬರಿಯ ಮಾತನ್ನು ಗಾಬರಿಯಿಂದಲೇ. ಸಪ್ಪೆ ದನಿಯಲ್ಲಿ ಓದಿದರೆ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೂಲದ ಜೊತೆ ಹೋಲಿಸಿ.

ಕನ್ನಡ ಮಾತಾಡುವ ನಾವು ವಿಶೇಷವಾಗಿ ಗಮನಿಸಬೇಕಾದ್ದು ಕೆಲವಿವೆ. ಎಕಾರದಿಂದ ಶುರುವಾಗುವ ಪದಕ್ಕೆ ಯಕಾರ ಅಂಟಿಸಿ ‘ಯೆಗ್’, ‘ಯೆನಿ’ ಎನ್ನುವುದು, ಒಕಾರಕ್ಕೆ ವಕಾರ ಅಂಟಿಸಿ ‘ವೋನ್ಲಿ’ ಎನ್ನುವುದು, ವ್ಯಂಜನದಲ್ಲಿ ಮುಗಿಯುವ ಪದದ ಕೊನೆಗೆ ಉಕಾರ ಸೇರಿಸಿ ‘ಕಾರು’, ‘ಬಸ್ಸು’ ಎನ್ನುವುದು. ಇವು ಕನ್ನಡದ ಸಹಜ ಗುಣ, ಕನ್ನಡದಲ್ಲಿ ತಪ್ಪೇನಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಲಯ ಕೆಡಿಸುತ್ತವೆ. ‘ವೈನ್’ ಮತ್ತು ‘ವೈನ್’ ಎಂದು ನಾವು ಒಂದೇ ರೀತಿ ಬರೆಯುವ, ಒಂದು ಬಳ್ಳಿ (vine) ಇನ್ನೊಂದು ಮದ್ಯ (wine) ಆಗಿರುವ ಪದಗಳಲ್ಲಿ ಬಳ್ಳಿಗೆ ಹಲ್ಲು ಕೆಳದುಟಿಗೆ ತಾಗಬೇಕು, ಮದ್ಯಕ್ಕೆ ಎರಡೂ ತುಟಿ ದುಂಡಗಾಗಬೇಕು. ವಿಡಿಯೊದಲ್ಲಿ ಬಾಯಿ ಕಾಣುತ್ತದೆ, ನಿಲ್ಲಿಸಿ ತುಟಿ ನೋಡಿ.

ನಮ್ಮ ವಾಕ್ಯರಚನೆಯಿಂದ ಬರುವ ಎರಡು ತೊಡಕುಗಳನ್ನು ಹಾಸ್ಯದ ದೃಶ್ಯಗಳಲ್ಲಿ ಚೆನ್ನಾಗಿ ತಿದ್ದಿಕೊಳ್ಳಬಹುದು. ಎಲ್ಲದರ ಕೊನೆಗೂ ನಾವು ‘ಅಲ್ವಾ’ ಎನ್ನುತ್ತೇವೆ, ಹಾಗಾಗಿ ಇಂಗ್ಲಿಷ್‌ನಲ್ಲೂ ‘ಇಸಂಟ್ ಇಟ್’ ಎಂದೇ ಮುಗಿಸುತ್ತೇವೆ. ಕಳ್ಳನನ್ನು ಹಿಡಿದ ಪಾತ್ರ ‘ಯು ಡಿಡ್ ಇಟ್, ಡಿಡಂಟ್ ಯು?’ ಎನ್ನುವುದನ್ನು ಕೇಳಿ. ವಾಕ್ಯ ಬದಲಾದಂತೆ ಬಾಲವೂ ಬದಲಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ‘ನೀನು ತಿಂದಿಲ್ವಾ?’ ಎಂದರೆ ನಾವು ‘ಹೌದು, ತಿಂದಿಲ್ಲ’ ಎನ್ನಬಹುದು. ‘ಯು ಡಿಡಂಟ್ ಈಟ್ ಇಟ್?’ ಎಂಬ ಪ್ರಶ್ನೆಗೆ ತಿಂದಿಲ್ಲವಾದರೆ ‘ನೋ, ಐ ಡಿಡಂಟ್’ ಎಂದೇ ಹೇಳಬೇಕು. ಬರೀ ‘ಯೆಸ್’ ಎಂದರೆ ಕೇಳಿದವರಿಗೆ ತಿಂದಿದ್ದಾನೋ ಇಲ್ಲವೋ ಎಂದೇ ತಿಳಿಯುವುದಿಲ್ಲ.

ಹಂತ 6: ಬರೆದಿಟ್ಟು, ಸರಿಯಾದ ದಿನಕ್ಕೆ ಮರಳಿ ತೆರೆಯಿರಿ

ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ ಎಂದು ಪಟ್ಟಿ ಮಾಡಬೇಡಿ. ಪ್ರತಿ ಮಾತಿಗೂ ಇಷ್ಟು ಬರೆಯಿರಿ: ಇಡೀ ವಾಕ್ಯ, ಯಾರು ಯಾರಿಗೆ ಯಾವ ಗಳಿಗೆಯಲ್ಲಿ ಹೇಳಿದರು, ನಿಮ್ಮ ಬದುಕಿಗೆ ಹೊಂದುವ ನಿಮ್ಮದೇ ಒಂದು ವಾಕ್ಯ. ಮೇಲಿನ ದೃಶ್ಯದ ‘ನೈಸ್ ಟ್ರೈ’ ಮುಂದೆ ‘ಕೇಕ್ ಕದ್ದವನು ಟೂತ್‌ಪೇಸ್ಟ್ ಅಂದಾಗ’ ಎಂದು ಬರೆದಿಟ್ಟರೆ ಅರ್ಥ ವಿವರಿಸುವ ಅಗತ್ಯವೇ ಇಲ್ಲ.

ಹೊಸದಾಗಿ ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ. ಇದನ್ನು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದಿದ್ದ. ಅರ್ಥ, ಸನ್ನಿವೇಶ, ನಗು ಸೇರಿದ ಮಾತುಗಳು ಅಷ್ಟು ಬೇಗ ಹೋಗುವುದಿಲ್ಲ, ಆದರೂ ಮರಳಿ ನೋಡದಿದ್ದರೆ ಉಳಿಯುವುದಿಲ್ಲ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ ನೋಡಿ. ನೋಡುವುದೆಂದರೆ ಬರೆದದ್ದನ್ನು ಓದುವುದಲ್ಲ. ವಿಡಿಯೊದ ದನಿ ಮ್ಯೂಟ್ ಮಾಡಿ, ಪಾತ್ರದ ಬಾಯಿ ಆಡಿದಂತೆ ಆ ಮಾತನ್ನು ನೀವೇ ಹೇಳಬೇಕು. ನೆನಪಿನಿಂದ ಹೊರತೆಗೆಯುವ ಈ ಶ್ರಮವೇ ಮಾತನ್ನು ಗಟ್ಟಿ ಮಾಡುತ್ತದೆ.

ಹಂತ 7: ಮೂಕಿ ಹಾಸ್ಯಕ್ಕೆ ಮಾತು ಕೊಡಿ

ಕಲಿತದ್ದನ್ನು ಸ್ವಂತವಾಗಿ ಬಳಸಲು ನನಗೆ ಎಲ್ಲಕ್ಕಿಂತ ಇಷ್ಟವಾದ ಅಭ್ಯಾಸ ಇದು. ಚಾರ್ಲಿ ಚಾಪ್ಲಿನ್, ಬಸ್ಟರ್ ಕೀಟನ್ ಕಾಲದ ಮೂಕಿ ಹಾಸ್ಯದ ತುಣುಕೊಂದನ್ನೋ, ಬೆಕ್ಕು ನಾಯಿಗಳ ತುಂಟಾಟದ ವಿಡಿಯೊವನ್ನೋ ಹಾಕಿಕೊಂಡು, ನಡೆಯುತ್ತಿರುವುದನ್ನು ಕ್ರಿಕೆಟ್ ಕಾಮೆಂಟರಿಯ ಹಾಗೆ ಇಂಗ್ಲಿಷ್‌ನಲ್ಲಿ ಹೇಳುತ್ತಾ ಹೋಗಿ. ‘ಹೀ ಈಸ್ ಟ್ರೈಯಿಂಗ್ ಟು ಓಪನ್ ದ ಡೋರ್. ಇಟ್ಸ್ ಸ್ಟಕ್. ಓ ನೋ, ದ ಹ್ಯಾಂಡಲ್ ಕೇಮ್ ಆಫ್.’ ಪದ ಸಿಗದೆ ನಿಂತರೆ ವಿಡಿಯೊ ನಿಲ್ಲಿಸಿ, ಅದನ್ನು ಹುಡುಕಿ, ಮತ್ತೆ ಮುಂದುವರಿಯಿರಿ. ‘ಜಾರಿ ಬಿದ್ದ’, ‘ಸಿಕ್ಕಿಹಾಕಿಕೊಂಡಿತು’, ‘ಕಳಚಿ ಬಂತು’, ‘ತೂರಿಕೊಂಡ’ ಇಂಥ ದಿನಬಳಕೆಯ ಕ್ರಿಯಾಪದಗಳೇ ನಮಗೆ ಇಂಗ್ಲಿಷ್‌ನಲ್ಲಿ ಗೊತ್ತಿಲ್ಲ ಎಂಬುದು ಆಗ ಬೆಳಕಿಗೆ ಬರುತ್ತದೆ. ಪಠ್ಯಪುಸ್ತಕಗಳು ಬಿಟ್ಟುಬಿಡುವ ಜಾಗವೂ ಅದೇ.

ಎಚ್ಚರ ಬೇಕಾದ ಕಡೆ

ಹಾಸ್ಯದಲ್ಲಿ ಹೇಳಿದ್ದೊಂದು, ಅರ್ಥ ತದ್ವಿರುದ್ಧ ಆಗಿರುವುದು ಸಾಮಾನ್ಯ. ಕೈಯಲ್ಲಿದ್ದ ಕಪ್ ಬಿದ್ದು ಒಡೆದಾಗ ‘ಓ, ಗ್ರೇಟ್’ ಎಂದರೆ ಸಂತೋಷವಲ್ಲ. ‘ಸ್ಮೂತ್’, ‘ವೆಲ್ ಡನ್’, ‘ಗುಡ್ ಫಾರ್ ಯು’ ಎಂಬವೂ ದನಿ ಬದಲಾದರೆ ಕುಟುಕು ಮಾತಾಗುತ್ತವೆ. ಮುಖ ಮತ್ತು ದನಿ ಮಾತಿಗೆ ಹೊಂದುತ್ತಿಲ್ಲ ಎನಿಸಿದರೆ ವ್ಯಂಗ್ಯ ಎಂದೇ ತಿಳಿಯಿರಿ.

ಗೆಳೆಯರಿಬ್ಬರು ‘ಶಟ್ ಅಪ್!’ ಎಂದು ನಗುತ್ತಾ ಹೇಳಿಕೊಂಡರೆ ‘ಹೌದಾ, ನಂಬೋಕಾಗ್ತಿಲ್ಲ’ ಎಂಬ ಬೆರಗು. ಅದೇ ಮಾತನ್ನು ಮೇಲಧಿಕಾರಿಗೋ ಹೊಸ ಪರಿಚಯದವರಿಗೋ ಹೇಳಿದರೆ ಒರಟುತನ. ಬೈಗುಳಗಳ ವಿಷಯದಲ್ಲಿ ನನ್ನ ಸಲಹೆ ಖಚಿತ: ಅರ್ಥ ತಿಳಿದಿರಲಿ, ಬಾಯಿಗೆ ಬೇಡ. ಯಾವ ಬೈಗುಳ ಎಷ್ಟು ತೂಕದ್ದು ಎಂದು ತಿಳಿಯಲು ಆ ಭಾಷೆಯಲ್ಲಿ ಬೆಳೆದಿರಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿ ಮಾತಿನ ಪಕ್ಕ ‘ಯಾರಿಗಾದರೂ ಹೇಳಬಹುದು’, ‘ಗೆಳೆಯರಿಗೆ ಮಾತ್ರ’, ‘ಕೇಳಿದರೆ ಸಾಕು’ ಎಂಬ ಮೂರರಲ್ಲಿ ಒಂದು ಗುರುತು ಹಾಕಿ. ಬೇಕೆಂದೇ ತೊದಲುವ, ವ್ಯಾಕರಣ ತಪ್ಪುವ, ಯಾವುದೋ ದೇಶದ ಉಚ್ಚಾರವನ್ನು ಅಣಕಿಸುವ ಪಾತ್ರಗಳ ಮಾತನ್ನು ಅನುಕರಿಸಬೇಡಿ.

ವಾರದ ಲೆಕ್ಕ

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ವಾರಕ್ಕೆ ಎರಡೇ ವಿಡಿಯೊ. ಮೊದಲ ದಿನ ಮೂರು ಸುತ್ತು ನೋಡಿ ಮಾತು ಆರಿಸುವುದು, ಎರಡನೇ ದಿನ ಕೇಳಿ ಬರೆಯುವುದು, ಮೂರನೇ ದಿನ ದನಿ ಸೇರಿಸಿ ಹೇಳಿ ರೆಕಾರ್ಡ್ ಮಾಡುವುದು. ಆಮೇಲಿನ ಮೂರು ದಿನ ಎರಡನೇ ವಿಡಿಯೊ. ಏಳನೇ ದಿನ ಹಳೆಯದನ್ನೆಲ್ಲ ಮ್ಯೂಟ್ ಮಾಡಿ ಹೇಳುವುದು ಮತ್ತು ಒಂದು ಮೂಕಿ ತುಣುಕಿಗೆ ಕಾಮೆಂಟರಿ. ನಡುವೆ ಒಂದು ದಿನ ತಪ್ಪಿದರೆ ಹೊಸ ವಿಡಿಯೊ ಮುಂದೂಡಿ, ಮರಳಿ ನೋಡುವುದನ್ನು ಮಾತ್ರ ಮುಂದೂಡಬೇಡಿ.

ಈ ಲೆಕ್ಕದಲ್ಲಿ ನಾಲ್ಕು ತಿಂಗಳು ನಡೆದರೆ ನೂರಕ್ಕೂ ಹೆಚ್ಚು ಮಾತುಗಳು ಕೈಯಲ್ಲಿರುತ್ತವೆ. ಅಷ್ಟೊತ್ತಿಗೆ ಇಪ್ಪತ್ತು ನಿಮಿಷದ ಪೂರ್ತಿ ಸಿಟ್‌ಕಾಮ್ ಕಂತನ್ನು ಕ್ಯಾಪ್ಶನ್ ಇಲ್ಲದೆ ನೋಡಲು ಶುರುಮಾಡಿ. ಅದರಲ್ಲಿ ಪ್ರೇಕ್ಷಕರು ನಗುವ ಹೊತ್ತಿಗೆ ಹೆಚ್ಚಿನ ಕಡೆ ನಿಮಗೂ ನಗು ಬರುತ್ತಿದೆ ಎಂದಾದರೆ, ಮುಂದಿನ ವಾರಕ್ಕೆ ಐದು ನಿಮಿಷದ ಒಂದು ಸ್ಟ್ಯಾಂಡ್‌ಅಪ್ ತುಣುಕು ಆರಿಸಿಕೊಳ್ಳಿ.